ಸರದಿಯ ಮಂಚ

ಅಮೆರಿಕದವರು ಊರು ಬಿಟ್ಟು ಹೊರಟರೆಂದರೆ ಮನೆಸಾಮಾನೆಲ್ಲ ಅಂಗಳಕ್ಕೆ ಬಂದು ಮಾರಾಟಕ್ಕೆ ಕೂರುತ್ತದೆ. ಮೆಕ್ಸಿಕೋದ ಚಪಾಲಾ ಸರೋವರದ ದಂಡೆಯ, ಅಮೆರಿಕದ ನಿವೃತ್ತರು ಬಂದು ನೆಲೆಸುವ ಈ ಊರಿನಲ್ಲಿ ಅದು ವಾರದ ಸಂತೆಯಷ್ಟೇ ಮಾಮೂಲು. ವರ್ನಾ ಮತ್ತು ಮಾರ್ಲಿಸ್ ಒಂಬತ್ತು ವರ್ಷ ಅಂಥ ಒಂದು ಮಾರಾಟವನ್ನೂ ತಪ್ಪಿಸಿದವರಲ್ಲ. ಕೊಳ್ಳುವುದಕ್ಕಿಂತ ಆಡಿಕೊಳ್ಳುವುದಕ್ಕೇ ಹೋಗುತ್ತಿದ್ದರು. "ನೋಡೇ, ಇವರೂ ಕಾಲ್ಕಿತ್ರು! ಸಾಯೋವರೆಗೂ ಇಲ್ಲೇ ಅಂತ ಎದೆ ತಟ್ಕೊಂಡಿದ್ರಲ್ಲ," ಎಂದು ಮಾರ್ಲಿಸ್ ಪಿಸುಗುಟ್ಟಿದರೆ ವರ್ನಾಗೆ ನಗು ತಡೆಯಲಾಗುತ್ತಿರಲಿಲ್ಲ.

ಅಮೆರಿಕದ ಮಿನೆಸೋಟದ ಮನೆ ಮಾರಿಸಿ ವರ್ನಾಳನ್ನು ಮೆಕ್ಸಿಕೋಗೆ ಎಳೆದುತಂದವಳೇ ಮಾರ್ಲಿಸ್. ಇಬ್ಬರೂ ಗಂಡನನ್ನು ಕಳೆದುಕೊಂಡವರು, ಎಪ್ಪತ್ತು ದಾಟಿದವರು. ಇಲ್ಲಿನ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಯಾರಾದರೊಬ್ಬರು ಉಳಿಯಲೇಬೇಕು. ಉಳಿದವರಿಗೆ ಸಿಗುವುದು ಒಂದು ಪ್ಲಾಸ್ಟಿಕ್ ಕುರ್ಚಿ. ಅದಕ್ಕೇ ಬಂದ ವರ್ಷವೇ ಇಬ್ಬರೂ ಸೇರಿ ಒಂದು ಮಡಿಸುವ ಮಂಚ ಕೊಂಡು, ಅದರ ಕಾಲಿಗೆ ಕೆಂಪು ಬಣ್ಣದಲ್ಲಿ ಎರಡೂ ಹೆಸರು ಬರೆದಿದ್ದರು. ನನಗೆ ನೀನು, ನಿನಗೆ ನಾನು. ಮಾರ್ಲಿಸ್‌ಗೆ ನ್ಯುಮೋನಿಯಾ ಆದಾಗ ವರ್ನಾ ಹನ್ನೊಂದು ರಾತ್ರಿ ಅದರ ಮೇಲೆ ಮಲಗಿದ್ದಳು. ಮಲಗಿದ್ದಳು ಅನ್ನುವುದು ಬರೀ ಮಾತಿಗೆ. ಗೆಳತಿಯ ಉಸಿರು ಎಣಿಸುತ್ತಿದ್ದಳು. ಬರುವ ಗುರುವಾರ ವರ್ನಾಳ ಸೊಂಟದ ಕೀಲಿನ ಆಪರೇಷನ್. ಈಗ ಮಾರ್ಲಿಸ್‌ಳ ಸರದಿ.

ಈ ಶನಿವಾರದ ಮಾರಾಟದ ಚೀಟಿಯಲ್ಲಿ ಹೊರಟವರ ಹೆಸರಿರಲಿಲ್ಲ, ಇಗರ್ಜಿಯ ಹಿಂದಿನ ಯಾವುದೋ ಮನೆಯ ವಿಳಾಸವಷ್ಟೇ ಇತ್ತು. "ನಂಗೆ ತಲೆನೋವು, ನೀನೂ ಹೋಗ್ಬೇಡ, ಸೊಂಟ ನೋಡ್ಕೋ," ಎಂದಿದ್ದಳು ಮಾರ್ಲಿಸ್. ಆದರೂ ವರ್ನಾ ಕೋಲೂರಿಕೊಂಡು ಹೋದಳು. ತಲೆನೋವಿನವಳಿಗೆ ನಗಿಸುವ ಸುದ್ದಿ ಒಂದಿಷ್ಟು ತರೋಣವೆಂದೇ ಹೋದಳು, ಪಾಪ.

ಮಾರ್ಲಿಸ್‌ಳ ಮನೆಯಲ್ಲಿರಬೇಕಾಗಿದ್ದ ಆ ಮಂಚ ಇಲ್ಲಿ ಅಂಗಳದ ಮರದ ಕೆಳಗೆ ನಿಂತಿತ್ತು. ಬೆಲೆಚೀಟಿಯನ್ನು ಸರಿಯಾಗಿ ವರ್ನಾ ಅನ್ನುವ ಹೆಸರಿನ ಮೇಲೇ ಅಂಟಿಸಿದ್ದರು. ಅದರಾಚೆ ಮಾರ್ಲಿಸ್‌ಳ ಹಸಿರು ದೀಪ, ಅವಳ ಬಾಣಲೆ, ಅವಳ ಹೂಕುಂಡಗಳು.

ಊರಿಗೆ ಹೊಸದಾಗಿ ಬಂದಿದ್ದ ಹೆಂಗಸೊಬ್ಬಳು ಮಂಚವನ್ನು ಅಲ್ಲಾಡಿಸಿ ನೋಡುತ್ತಿದ್ದಳು. "ಗಟ್ಟಿ ಇದೆಯಾ ಇದು? ನೆಂಟರು ಬಂದ್ರೆ ಮಲಗೋಕೆ ಆಗುತ್ತಲ್ವಾ?"

"ಹನ್ನೊಂದು ರಾತ್ರಿ ತಡ್ಕೊಂಡಿದೆ," ಎಂದಳು ವರ್ನಾ.

ಅಷ್ಟರಲ್ಲಿ, ಗೆಳತಿಗೆ ಗೊತ್ತಾಗದಿರಲೆಂದು ಬೇರೆಯವರ ಮನೆಯಲ್ಲಿ ಮಾರಾಟ ಇಟ್ಟಿದ್ದ ಮಾರ್ಲಿಸ್ ಕಾಫಿ ಹಿಡಿದು ಒಳಗಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. "ನಿಂಗೆ ಹೇಳ್ಬೇಕು ಅಂತಾನೇ ಇದ್ದೆ ಕಣೇ."

"ಯಾವಾಗ? ವಿಮಾನ ಹತ್ತಿದ್ಮೇಲಾ?"

"ಮಗಳು ಬಿಡ್ಲಿಲ್ಲ. ನನ್ನ ಎದೆಯೂ ಸರಿಯಿಲ್ಲ, ನಮ್ಮ ಸರ್ಕಾರದ ವಿಮೆ ಇಲ್ಲಿ ನಡೆಯಲ್ಲ, ನಿಂಗೂ ಗೊತ್ತು. ಟಿಕೆಟ್ ತಗೊಂಡು ಎರಡು ತಿಂಗಳಾಯ್ತು. ಬುಧವಾರ ಹೊರಡ್ಬೇಕು."

ಎರಡು ತಿಂಗಳು! ಆಪರೇಷನ್ನಿನ ದಿನ ಗೊತ್ತಾದದ್ದು ಮೂರು ವಾರದ ಹಿಂದೆ. ಡಾಕ್ಟರಿಗೆ ಫೋನ್ ಮಾಡಿದವಳು ಮಾರ್ಲಿಸ್. ಸ್ಪ್ಯಾನಿಷ್ ಚೆನ್ನಾಗಿ ಬರುತ್ತಿದ್ದುದು ಅವಳಿಗೇ. ಡಾಕ್ಟರು ಬರುವ ಈ ವಾರದ ಸೋಮವಾರವೇ ಮಾಡೋಣ ಎಂದಿದ್ದರು. ಫೋನಿಗೆ ಕೈ ಅಡ್ಡ ಹಿಡಿದು, "ಗುರುವಾರ ಇಟ್ಕೊಳ್ಳೋಣ ಕಣೇ, ಅವಸರ ಏನಿದೆ," ಎಂದವಳೂ ಅವಳೇ.

"ಗುರುವಾರ ಅಂದಿದ್ದು ನೀನು," ಎಂದಳು ವರ್ನಾ.

ಹೊರಟುಹೋಗುವುದನ್ನಾದರೂ ವರ್ನಾ ಕ್ಷಮಿಸುತ್ತಿದ್ದಳೇನೋ. ಹೋಗುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಗೊತ್ತಿದ್ದೂ ಆರಿಸಿಕೊಟ್ಟ ಆ ಗುರುವಾರವನ್ನು ಮಾತ್ರ ಕ್ಷಮಿಸಲು ಅವಳಿಂದಾಗಲಿಲ್ಲ.

ಅವಳು ಬೆಲೆಚೀಟಿ ಕಿತ್ತೆಸೆದು, ಮಂಚ ಮಡಿಸಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮಂಚ ಹಿಡಿದು ಎಳೆಯತೊಡಗಿದಳು. ಕಲ್ಲುಹಾಸಿನ ಮೇಲೆ ಅದರ ಕಾಲು ಕರಕರ ಎಂದಿತು.

"ಆ ಸೊಂಟ ಇಟ್ಕೊಂಡು ಅದನ್ಯಾಕೇ ಎಳ್ಕೊಂಡು ಹೋಗ್ತೀಯಾ? ಅದರ ಮೇಲೆ ಯಾರು ಮಲಗ್ತಾರೆ?" ತಾನು ಅಂದದ್ದು ಏನೆಂದು ಅರಿವಾಗಿ ಮಾರ್ಲಿಸ್ ತುಟಿ ಕಚ್ಚಿಕೊಂಡಳು.

ವರ್ನಾ ತಿರುಗಿದಳು. "ಯಾರೂ ಮಲಗಲ್ಲ. ನನ್ನ ಪಕ್ಕ ಹಾಕಿಸ್ಕೋತೀನಿ, ಖಾಲಿ ಇರ್ಲಿ. ಇದು ಯಾರ ಜಾಗ ಅಂತ ನರ್ಸು ಕೇಳ್ದಾಗಲೆಲ್ಲ ನಿನ್ನ ಹೆಸರು ಹೇಳ್ತೀನಿ."