ತಿರಸ್ಕರಿಸಿದವರ ಪಟ್ಟಿ

ನಮ್ಮದು ಜಾಲತಾಣಗಳ ಡೈರೆಕ್ಟರಿ. ಸರ್ಚ್ ಇಂಜಿನ್‌ಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲವದು. ಇಂಟರ್ನೆಟ್‌ನಲ್ಲಿ ಏನೇ ಬೇಕಾದರೂ ಜನ ನಮ್ಮ ವಿಭಾಗ, ಉಪವಿಭಾಗಗಳನ್ನು ಒಂದೊಂದಾಗಿ ತೆರೆದು ಹುಡುಕುತ್ತಿದ್ದರು. ಸೇರಿಸಿ ಎಂದು ಅರ್ಜಿ ಹಾಕಿದ ಪ್ರತಿ ತಾಣವನ್ನೂ ಸಂಪಾದಕರು ತೆರೆದು ನೋಡಿಯೇ ತೀರ್ಮಾನಿಸಬೇಕು ಎಂಬುದು ನಿಯಮ. 'ಮನೆ ಬಳಕೆ' ವಿಭಾಗ ನನ್ನದು. ಜಂಬ ಕೊಚ್ಚಿಕೊಳ್ಳುವವರನ್ನು ಕಂಡರೆ ನನಗಾಗದು. ಅರ್ಜಿಯ ಮೊದಲ ಸಾಲಿನಲ್ಲೇ "ನಮ್ಮದೇ ನಂಬರ್ ಒನ್" ಎಂದಿದ್ದರೆ ಮುಲಾಜಿಲ್ಲದೆ ಕಿತ್ತು ಹಾಕುತ್ತಿದ್ದೆ. ಕಚೇರಿಯಲ್ಲಿ ನನ್ನನ್ನು 'ಕತ್ತರಿ' ಎನ್ನುತ್ತಿದ್ದರು. ಸುಳ್ಳೇಕೆ, ನನಗೂ ಒಳಗೊಳಗೇ ಖುಷಿ.

ಅಂದು ಬೆಳಿಗ್ಗೆ ಹನ್ನೊಂದಕ್ಕೆ ಆಸ್ಪತ್ರೆಯಿಂದ ತಂಗಿಯ ಫೋನ್.

"ಅಕ್ಕಾ, ಪುಟ್ಟಿ ತುಕ್ಕು ತೆಗೆಯೋ ಆಸಿಡ್ ಬಾಯಿಗೆ ಹಾಕ್ಕೊಂಡ್‌ಬಿಟ್ಟಿದಾಳೆ! ಎಷ್ಟು ಒಳಗೆ ಹೋಯ್ತೋ ಗೊತ್ತಿಲ್ಲ. ಬಾಟ್ಲಿ ಮೇಲೆ 'ಬೆಳ್ಳಿಮಿಂಚು' ಅನ್ನೋ ಹೆಸರು ಬಿಟ್ರೆ ಬೇರೇನೂ ಕಾಣಿಸ್ತಿಲ್ಲ. ನಿಮ್ಮ ಡೈರೆಕ್ಟರಿಯಲ್ಲಿ ಬೇಗ ನೋಡೇ!"

ಪುಟ್ಟಿಗೆ ಎರಡು ವರ್ಷ. ಅಷ್ಟರಲ್ಲಿ ಡಾಕ್ಟರೇ ಫೋನ್ ತೆಗೆದುಕೊಂಡರು.

"ನೋಡೀಮ್ಮಾ, ಇಂಥದ್ದರಲ್ಲಿ ಬೇರೆ ಬೇರೆ ಆಸಿಡ್ ಇರುತ್ತೆ. ಒಂದಕ್ಕೆ ಮಾತ್ರ ತಕ್ಷಣ ಬೇರೆ ಮದ್ದೇ ಕೊಡ್ಬೇಕು. ವಿಷ ಮಾಹಿತಿ ಕೇಂದ್ರದ ಲೈನ್ ಸಿಗ್ತಾನೇ ಇಲ್ಲ. ಅದರಲ್ಲಿ ಏನಿದೆ ಅಂತ ಹೇಗಾದ್ರೂ ಪತ್ತೆ ಮಾಡಿ."

ಮನೆ ಬಳಕೆ, ಸ್ವಚ್ಛತೆ, ಲೋಹ, ತುಕ್ಕು. ಅರವತ್ತೆರಡು ತಾಣಗಳು, ಬೆಳ್ಳಿಮಿಂಚು ಇಲ್ಲ. ಕೈಗಾರಿಕೆಯಲ್ಲೂ ಇಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ತನ್ನ 'ವಾಹನ' ವಿಭಾಗವನ್ನೆಲ್ಲ ಜಾಲಾಡಿದ. ಒಂದೊಂದು ಪುಟ ತೆರೆಯಲೂ ಅರ್ಧ ನಿಮಿಷ, ದರಿದ್ರದ ಲೈನು! ಫೋನಿನಲ್ಲಿ ಮಗು ಕಿರುಚುವುದು ಕೇಳುತ್ತಲೇ ಇತ್ತು.

"ಇನ್ನೂ ಎಷ್ಟೊತ್ತೇ?"

"ಹುಡುಕ್ತಾ ಇದೀನಲ್ಲ, ತಾಳೇ!" ಎಂದು ರೇಗಿದೆ. ಭಯವಾದಾಗ ನನಗೆ ಬರುವುದು ಸಿಟ್ಟೊಂದೇ.

"ನಾವು ರಿಜೆಕ್ಟ್ ಮಾಡಿರೋ ಪಟ್ಟಿ ನೋಡಿದ್ರಾ?" ಎಂದ ಸಹೋದ್ಯೋಗಿ.

ತೆರೆದೆ. ಏಳು ತಿಂಗಳ ಹಿಂದಿನ ಅರ್ಜಿ: "ಬೆಳ್ಳಿಮಿಂಚು! ತುಕ್ಕಿನ ಪಾಲಿಗೆ ಯಮ! ಸಾಟಿಯೇ ಇಲ್ಲ!" ಕೆಳಗೆ ಕಾರಣ: ಸ್ವಪ್ರಶಂಸೆ. ತಿರಸ್ಕರಿಸಿದವರು: ನಾನು.

ವಿಳಾಸ ಒತ್ತಿದೆ. ಮೊದಲ ಪುಟದ ನೆತ್ತಿಯಲ್ಲೇ ದಪ್ಪ ಅಕ್ಷರಗಳಲ್ಲಿ "ಮಕ್ಕಳು ಕುಡಿದರೆ" ಎಂದಿತ್ತು. ಅದರಡಿ ಬೆರೆಸಿದ ಪ್ರತಿಯೊಂದು ವಸ್ತುವಿನ ಹೆಸರು, ಪ್ರಮಾಣ. ಒಮ್ಮೆ ತೆರೆದು ನೋಡಿದ್ದರೆ ನನ್ನಂಥ ಕತ್ತರಿಯೂ ಇದನ್ನು ತೆಗೆಯುತ್ತಿರಲಿಲ್ಲ. ಫೋನಿನಲ್ಲಿ ಒಂದೊಂದಾಗಿ ಓದಿದೆ. ಎರಡನೆಯ ಹೆಸರಿಗೇ ಡಾಕ್ಟರು ತಡೆದರು.

"ಅದೇ! ಸಿಸ್ಟರ್, ಕ್ಯಾಲ್ಸಿಯಂ ತನ್ನಿ, ಓಡಿ!"

ಫೋನ್ ಕಟ್ಟಾಯಿತು. ಗಡಿಯಾರ ನೋಡಿದೆ, ಹನ್ನೊಂದೂ ಇಪ್ಪತ್ತು.

ಮಧ್ಯಾಹ್ನ ಮೂರಕ್ಕೆ ತಂಗಿ ಮತ್ತೆ ಫೋನ್ ಮಾಡಿದಳು. "ಗಂಡಾಂತರ ಕಳೀತಂತೆ ಅಕ್ಕಾ. ಗಂಟಲು ಸುಟ್ಟಿದೆ, ವಾಸಿಯಾಗುತ್ತೆ ಅಂದ್ರು. ನೀನಿಲ್ಲದಿದ್ರೆ ನನ್ನ ಮಗು ಉಳೀತಿರ್ಲಿಲ್ಲ ಕಣೇ."

ಸಂಜೆ ಬರ್ತೀನಿ ಎಂದೆ. ಅಷ್ಟಕ್ಕೇ ಸುಮ್ಮನಿದ್ದುಬಿಡಬಹುದಿತ್ತು. ಆಗಲಿಲ್ಲ.

"ತಡ ಆಗಿದ್ದೇ ನನ್ನಿಂದ. ಅದು ಡೈರೆಕ್ಟರಿಯಲ್ಲಿದ್ದಿದ್ರೆ ಎರಡೇ ನಿಮಿಷದಲ್ಲಿ ಸಿಗ್ತಿತ್ತು. ನಾನೇ ತೆರೆದೂ ನೋಡದೆ ಕಿತ್ತು ಹಾಕಿದ್ದೆ."

ಆ ಕಡೆ ಯಾರೋ ಗಾಲಿ ಮಂಚ ತಳ್ಳಿಕೊಂಡು ಹೋದ ಸದ್ದು.

"ಇಪ್ಪತ್ತು ನಿಮಿಷ," ಎಂದಳು ಕೊನೆಗೆ. "ಅಷ್ಟು ಹೊತ್ತೂ ಉರಿ ತಡೀಲಾರದೆ ಕಿರುಚ್ತಾ ನನ್ನ ಬೆರಳು ಕಚ್ತಿದ್ಲು. ಸಂಜೆ ಬರ್ತೀನಿ ಅಂದಿದ್ಯಲ್ಲಾ... ಇವತ್ತು ಬರ್ಬೇಡ ಅಕ್ಕಾ."