ದೀಪದ ಗೂಡು

ಗೋಡೆ ಅಂದರೆ ಹೀಗಿರಬೇಕು ಎಂದು ಧರ್ಮಪಾಲ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವಷ್ಟರಲ್ಲಿ ಬೊಳ್ಳಮ್ಮಕ್ಕ ವಿರಾಜಪೇಟೆಯ ಡಾಕ್ಟರ ಬಳಿಯಿಂದ ವಾಪಸು ಬಂದರು. ಅವರ ಮಂಡಿನೋವಿಗೆ ಈ ಕಕ್ಕಬೆಯ ಚಳಿಯೇ ಕಾರಣವೆಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಅದಕ್ಕೇ ನಡುಮನೆಯ ಬೆವರುವ ಗೋಡೆಗೆ ಗಟ್ಟಿ ಫೋಮ್ ಶೀಟು ಅಂಟಿಸಿ, ಮೇಲೆ ಜಿಪ್ಸಂ ಬೋರ್ಡು ಹೊಡೆಯುವ ಈ ಕೆಲಸ. ಬೆಳಿಗ್ಗೆ ತಂದ ಸ್ಕ್ರೂ ಫೋಮನ್ನೇ ದಾಟಲಿಲ್ಲ. ಉದ್ದದ್ದು ತರಲು ಧರ್ಮಪಾಲ ಪೇಟೆಗೆ ಓಡಿದ. ಅವನು ಬರುವಷ್ಟರಲ್ಲಿ ಜೊತೆಯ ಕೆಲಸದವ ಸೋಮಿ ಗೋಡೆಯಿಡೀ ಫೋಮ್ ಅಂಟಿಸಿದ್ದ. ಬೋರ್ಡು ಹೊಡೆದಾದ ಮೇಲೆ ಸೋಮಿ ಬಸ್ಸು ಹತ್ತಿದ.

"ಚೆಂದ ಉಟ್ಟು," ಎಂದು ಮೆಚ್ಚಿದರು ಬೊಳ್ಳಮ್ಮಕ್ಕ. ಕೈಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ದೀಪ. "ಗೂಡು ಎಲ್ಲಿ?"

ಧರ್ಮಪಾಲ ಗೋಡೆಯತ್ತ ತಿರುಗಿದ. ಗುರುಕಾರಣರಿಗೆ, ತೀರಿಹೋದ ಮನೆಯ ಹಿರಿಯರಿಗೆ, ದೀಪ ಇಡುವ ಗೂಡು! ಅಳತೆಗೆ ಬಂದ ದಿನ ಕಣ್ಣಾರೆ ಕಂಡಿದ್ದ. ಹಾಳಾದ ಸೋಮಿ ಅದನ್ನು ಬರೀ ತೂತೆಂದು ತಿಳಿದು ಮುಚ್ಚಿಬಿಟ್ಟಿದ್ದಾನೆ. ಫೋನ್ ಮಾಡಿದರೆ ಸ್ವಿಚ್ ಆಫ್.

"ಎಲ್ಲಿ ಇತ್ತು ಅಕ್ಕ?"

"ಗಡಿಯಾರದ ಬಲಕ್ಕೆ ಮಾರಾಯ."

"ಗಡಿಯಾರ ಎಲ್ಲಿ ಇತ್ತು?"

"ಗೂಡಿನ ಎಡಕ್ಕೆ!"

ಗಡಿಯಾರವೀಗ ಮಂಚದ ಮೇಲೆ ಮಲಗಿತ್ತು. ಮದುವೆಯಾಗಿ ಬಂದಂದಿನಿಂದ ಮೂವತ್ತೆಂಟು ವರ್ಷ ಒಂದು ಸಂಜೆಯೂ ದೀಪ ತಪ್ಪಿಸದ ಹೆಂಗಸಿಗೆ ಜಾಗ ಹೇಳಲು ಬರಲಿಲ್ಲ. ಧರ್ಮಪಾಲ ತಟ್ಟಿ ನೋಡಿದ, ಎಲ್ಲೆಲ್ಲೂ ಒಂದೇ ಸದ್ದು. ಎರಡು ಕಡೆ ಕೊಯ್ದ. ಎರಡು ಕಡೆಯೂ ಫೋಮು, ಹಿಂದೆ ಕಲ್ಲು. ಎಡವೋ ಬಲವೋ, ಮೇಲೋ ಕೆಳಗೋ, ತಲೆಬುಡ ತಿಳಿಯಲಿಲ್ಲ. ಹೊತ್ತು ಕಂತುತ್ತಿತ್ತು. ಬೊಳ್ಳಮ್ಮಕ್ಕನ ಕಣ್ಣು ತುಂಬಿತ್ತು.

ಸಾಕಾಗಿ ಅವನು ಕುಕ್ಕರಿಸಿದ. ಧೂಳಿಗೆಂದು ಹಾಸಿದ್ದ ಪ್ಲಾಸ್ಟಿಕ್ ಹಾಳೆ ಸರಿಯಿತು. ಗೋಡೆಯ ಬುಡದ ಕೆಂಪು ನೆಲದ ಮೇಲೆ ಅಂಗೈಯಗಲ ಕಪ್ಪು ಕಲೆ. ಮೂಸಿದ. ದೀಪದ ಎಣ್ಣೆ!

ನೇರ ಮೇಲೆ ಕೊಯ್ದ. ಸೋಮಿ ತುರುಕಿದ್ದ ಫೋಮಿನ ಚೂರು ಕಿತ್ತರೆ, ಒಳಗೆ ಮಸಿ ಹಿಡಿದ ಗೂಡು. ಬೊಳ್ಳಮ್ಮಕ್ಕ ಅವಸರದಲ್ಲಿ ಬತ್ತಿ ಹಾಕಿ ಕಡ್ಡಿ ಗೀರಿದರು.

"ತಡೀರಿ ಅಕ್ಕ!" ಧರ್ಮಪಾಲ ಊದಿ ಆರಿಸಿಬಿಟ್ಟ. ಗೂಡಿನ ಸುತ್ತ ಬೋರ್ಡಿನ ಮುಚ್ಚಿಗೆಯಿಲ್ಲದ ಫೋಮು ಬೆಳ್ಳಗೆ ಇಣುಕುತ್ತಿತ್ತು. "ಇದಕ್ಕೆ ಬೆಂಕಿ ತಾಗಿದ್ರೆ ಮನೆಯೇ ಹೋದು. ದೀಪ ಇವತ್ತು ಸ್ಟೂಲಿನ ಮೇಲೆ ಇಡುವನ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೊಳ್ಳಮ್ಮಕ್ಕ ಕುಳಿತು ಮಂಡಿ ನೀವಿಕೊಳ್ಳುತ್ತ ಗೋಡೆಯನ್ನೇ ನೋಡಿದರು.

"ಇಷ್ಟು ವರ್ಷ ಗುರುಕಾರಣರು ಇಲ್ಲಿಗೇ ಬಂದವ್ರು. ಇವತ್ತು ಸ್ಟೂಲು ಹುಡುಕಿಕೊಂಡು ತಿರುಗೊಕಾ? ಇದೆಲ್ಲ ಕೀಳು."

"ಮತ್ತೆ ಚಳಿ?"

"ಅವ್ರೂ ಇದೇ ಚಳೀಲಿ ಬದುಕಿದ್ದು. ಕೀಳು ಮಾರಾಯ."

ದಿನವಿಡೀ ಹೊಡೆದದ್ದನ್ನು ಧರ್ಮಪಾಲ ಅರ್ಧ ಗಂಟೆಯಲ್ಲಿ ಕಿತ್ತ. ಸರಿ ಮಾಡಿದೆನೋ ಹಾಳು ಮಾಡಿದೆನೋ ಅವನಿಗೇ ಅರ್ಥವಾಗಲಿಲ್ಲ. ಪೂರ್ತಿ ಕತ್ತಲಾಗುವ ಮುನ್ನ ಗೂಡಿನಲ್ಲಿ ದೀಪ ಉರಿಯಿತು.

"ಇವತ್ತು ಮಂಡಿ ಅಷ್ಟು ನೋಯ್ತಿಲ್ಲೆ," ಎಂದು ಸುಳ್ಳು ಹೇಳಿ, ಬೊಳ್ಳಮ್ಮಕ್ಕ ಅವನಿಗೆ ಕಾಫಿ ತರಲು ಆ ತಣ್ಣನೆಯ ಗೋಡೆಯನ್ನೇ ಹಿಡಿದು ಎದ್ದರು.