ಹಾಡಿಗೆ ಸಿಟ್ಟಾಗುವಂತಿಲ್ಲ

ಗಾಂಬಿಯಾ ನದಿಯ ದಂಡೆಯ ನಮ್ಮೂರಿನಲ್ಲಿ ನಮ್ಮನ್ನು ಕನ್ಯೆಲೆಂಗ್ ಎನ್ನುತ್ತಾರೆ. ಮಕ್ಕಳಾಗದವರು, ಆದ ಮಕ್ಕಳನ್ನು ಮಣ್ಣಿಗಿಟ್ಟವರು ಸೇರಿಕೊಂಡ ಗುಂಪು. ನಾನು ಮೂವರನ್ನು ಇಟ್ಟವಳು, ಈಗ ಗುಂಪಿನ ಹಿರಿಯಳು. ಯಾರ ಮನೆಯಲ್ಲಿ ನಾಮಕರಣವಾದರೂ ಗಂಡಸರ ಪ್ಯಾಂಟು ತೊಟ್ಟು ನುಗ್ಗುತ್ತೇವೆ, ನೀರಿನ ಕ್ಯಾನು ಬಡಿಯುತ್ತೇವೆ, ಎರಡೂ ಕೈಯಲ್ಲಿ ಬಾಚಿ ತಿನ್ನುತ್ತೇವೆ. ಹಾಡಿನಲ್ಲಿ ಯಾರ ಮಾನ ಕಳೆದರೂ ಅವರು ಸಿಟ್ಟಾಗುವಂತಿಲ್ಲ. ಮರ್ಯಾದಸ್ಥ ಹೆಂಗಸರಿಗೆ ಈ ಸುಖ ಎಲ್ಲಿದೆ ಹೇಳಿ.

ಮದುವೆಯಾಗಿ ಎಂಟು ವರ್ಷವಾದರೂ ಬಸಿರಾಗದ ನ್ಯೀಮಾ ಹೋದ ತಿಂಗಳು ನಮ್ಮನ್ನು ಸೇರಿದಳು. ಅಷ್ಟರಲ್ಲಿ ಅವಳ ಮೈದುನನ ಮಗುವಿಗೆ ನಾಮಕರಣ ಬಂತು. ಮಗುವಿನ ಕಣ್ಣಿಗೆ ಬೀಳಬೇಡ ಎಂದು ಅತ್ತೆ ತೆನೆಂಗ್ ಅವಳನ್ನು ಹಿತ್ತಲಿನ ಒಲೆಯ ಮುಂದೆ ಕೂರಿಸಿದ್ದಳು. ಸಮಾರಂಭ ಮುಗಿದ ಮೇಲೆ ತವರಿಗೆ ಅಟ್ಟುವುದೆಂದೂ ತೀರ್ಮಾನವಾಗಿತ್ತು. ಗಂಡ ದೆಂಬಾ ಹೂಂಗುಟ್ಟಿದ್ದ. ನ್ಯೀಮಾಳಿಗೆ ಆ ಮನುಷ್ಯನೆಂದರೆ ಜೀವ, ಬಿಟ್ಟು ಹೋಗಲು ಸುತರಾಂ ಇಷ್ಟವಿರಲಿಲ್ಲ. ಅವನಲ್ಲಿ ಏನು ಕಂಡಳೋ, ನನಗಂತೂ ಅರ್ಥವಾಗಿಲ್ಲ.

ಇಮಾಮರು ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದೇ ತಡ, ನಾನು ಹಿತ್ತಲಿಗೆ ಹೋಗಿ ನ್ಯೀಮಾಳ ಕೈಯ ಸೌಟು ಕಿತ್ತುಕೊಂಡು ಕ್ಯಾನು ಕೊಟ್ಟೆ. ಹಿರಿಯಳ ಮಾತನ್ನು ಯಾರೂ ಮೀರುವಂತಿಲ್ಲ.

"ಕೈಕಾಲು ನಡುಗ್ತಿದೆ ಅಕ್ಕಾ. ಏನ್ ಹಾಡ್ಲಿ?"

"ನಡುಗ್ತಾನೇ ಹಾಡೇ. ಎಂಟು ವರ್ಷ ಒಳಗೊಳಗೇ ಗೊಣಗಿದ್ದೀಯಲ್ಲ, ಅದನ್ನೇ ಹಾಡು."

ಅವಳು ಅಂಗಳಕ್ಕೆ ಬಂದು, ಗಂಡಸರ ನಡುವೆ ಕೂತಿದ್ದ ದೆಂಬಾನ ಎದುರಿಗೇ ನಿಂತು ಕ್ಯಾನು ಬಡಿದಳು.

"ಆಸ್ಪತ್ರೆ ಬೆಂಚಿಗೆ ನನ್ನ ಗುರ್ತಿದೆ, ಸೂಜಿಗೆ ನನ್ನ ತೋಳಿನ ಗುರ್ತಿದೆ. ಗಂಡನ್ನ ಕಳ್ಸು ಅಂತ ಡಾಕ್ಟ್ರು ಆರು ಸಲ ಅಂದ್ರು, ಆರು ಸಲಾನೂ ನನ್ನ ಗಂಡ ಮೀನು ಹಿಡಿಯಕ್ಕೆ ಹೋದ!"

ಹೆಂಗಸರು ಗೊಳ್ಳೆಂದರು. ಗಂಡಸರೂ ನಕ್ಕರು. ದೆಂಬಾ ದಡಕ್ಕನೆ ಎದ್ದ, ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಮತ್ತೆ ಕೂತ. ನಗದೆ ಇದ್ದವಳು ತೆನೆಂಗ್ ಒಬ್ಬಳೇ. ಅವಳಿಗೆ ಈ ವಿಷಯವೇ ಗೊತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು.

"ನಿನ್ನನ್ನ ಕರೆದಿದ್ರೇನೋ?" ಎಂದು ಮಗನನ್ನು ಕೇಳಿದಳು.

ದೆಂಬಾ ನೆಲ ನೋಡಿದ. "ಹೆದರಿಕೆ ಆಯ್ತಮ್ಮ."

ನ್ಯೀಮಾ ಬಡಿಯುವುದನ್ನು ನಿಲ್ಲಿಸಿದಳು. "ನಂಗೂ ಆಗಿತ್ತು. ನಾನು ಹೋದೆ."

ತೆನೆಂಗ್ ಎದ್ದು ಬಂದು ಸೊಸೆಯ ಪಕ್ಕ ನಿಂತಳು.

"ಇವಳು ಎಲ್ಲಿಗೂ ಹೋಗಲ್ಲ," ಎಂದಳು ಮಗನಿಗೆ. "ನಾಳೆ ಬೆಳಿಗ್ಗೆ ಆಸ್ಪತ್ರೆಗೆ ನೀನು ಹೋಗ್ತೀಯ. ನಾನೇ ಕರ್ಕೊಂಡು ಹೋಗ್ತೀನಿ."